ಹೊಸ ಕಾರಿಗೆ ದೃಷ್ಟಿ

ಪುಣೆಯಿಂದ ದಾವಣಗೆರೆವರೆಗೂ ಹಿಂದಿನ ಸೀಟಿನಲ್ಲಿ ಕೂತು ಇಬ್ಬರು ಮಕ್ಕಳ ವಾಂತಿಯನ್ನು ಸೆರಗಿನಲ್ಲಿ ಹಿಡಿದೆ, ಗೆಳತಿಯರೇ. ಕಾರು ಹೊಸದು, ಸೀಟಿಗೆ ಕಲೆಯಾಗಬಾರದು. ನಿಲ್ಲಿಸಿ ಎಂದರೆ ಗಂಡನದು ಒಂದೇ ಮಾತು: "ಇನ್ನೇನ್ ಹರಿಹರ ಬಂತು, ಸುಮ್ನಿರು."

ಮನೆ ಮುಂದೆ ಇಳಿದ ಕೂಡಲೇ ಅತ್ತೆ ಒಣಮೆಣಸಿನಕಾಯಿ ತಂದು ಮಗನಿಗೆ, ಮೊಮ್ಮಕ್ಕಳಿಗೆ, ಕೊನೆಗೆ ಕಾರಿಗೂ ನಿವಾಳಿಸಿದರು. ಸೀರೆ ಬದಲಿಸಲು ಹೊರಟ ನನ್ನನ್ನು ತಡೆದರು.

"ಪಾಪ, ಅವ್ನು ಅಷ್ಟು ದೂರ ಓಡಿಸ್ಕೊಂಡ್ ಬಂದಾನ, ಮಲಗ್ಲಿ. ನೀನು ಆರಾಮ ಕುಂತ್ಕೊಂಡ್ ಬಂದಿದ್ದೀಯಲ್ಲ, ಮೊದ್ಲು ಚಾ ಇಡು."

ನಾನು ಚಹಾ ಇಟ್ಟೆ. ಪಕ್ಕದ ಒಲೆಯಲ್ಲಿ ಅವರು ಮೆಣಸಿನಕಾಯಿ ಸುಟ್ಟರು.

"ಘಾಟೇ ಬರ್ಲಿಲ್ಲ ನೋಡು! ಕಾರಿಗೆ ಭಾರಿ ದೃಷ್ಟಿ ಆಗೈತೆ."

ನನ್ನ ಸೆರಗು ಅಷ್ಟು ಹತ್ತಿರ ಇರುವಾಗ ಯಾವ ಮೆಣಸಿನಕಾಯಿಯ ಘಾಟು ತಾನೇ ಮೂಗಿಗೆ ಬಡಿದೀತು?