ಟಾನಿಗೆ ಹೇಳಲೆಂದು ಕಲಿತ ಮಾತು

ತೊಂಬತ್ತರ ದಶಕದ ನಡುವಿನಲ್ಲಿ ನಾವು ಗಲ್ಫಿನ ಅಲ್ ಗುಬ್ರಾದ ಒಂದು ಫ್ಲ್ಯಾಟಿನಲ್ಲಿದ್ದೆವು. ನನಗೆ ಟ್ರಾವೆಲ್ ಏಜೆನ್ಸಿಯೊಂದರಲ್ಲಿ ಟಿಕೆಟ್ ಮಾಡುವ ಕೆಲಸ. ಮೇಲಿನ ಮಹಡಿಗೆ ದಕ್ಷಿಣ ಆಫ್ರಿಕಾದ ಬಿಳಿಯರ ಸಂಸಾರ ಬಂತು: ಇಂಜಿನಿಯರು, ಅವರ ಹೆಂಡತಿ, ಊರಿನ ತೋಟದಿಂದ ಬಂದ ಅವರ ತಾಯಿ. ಹೊಸಬರನ್ನು ಬರಿಗೈಯಲ್ಲಿ ಹೋಗಿ ಮಾತಾಡಿಸುವ ಕ್ರಮ ನಮ್ಮಲ್ಲಿಲ್ಲ. ಗೋಳಿಬಜೆ ಕರಿದು, ತಟ್ಟೆ ಹಿಡಿದುಕೊಂಡು ಮೆಟ್ಟಿಲು ಹತ್ತಿದೆ. ಬಾಗಿಲು ತೆರೆದ ಮುದುಕಿ ಒಂದು ಕೈಯಲ್ಲಿ ತಟ್ಟೆ ತೆಗೆದುಕೊಂಡರು, ನನಗೆ ತಿಳಿಯದ ಭಾಷೆಯಲ್ಲಿ ಏನೋ ಹೇಳಿ ಇನ್ನೊಂದು ಕೈಯಿಂದ ಒಗೆಯುವ ಬಟ್ಟೆಯ ಗಂಟನ್ನು ನನ್ನ ತೋಳಿಗೆ ಹೇರಿದರು.

ನನಗೆ ಪಿತ್ತ ನೆತ್ತಿಗೇರಿತು. ಗಂಟನ್ನು ಅಲ್ಲೇ ನೆಲಕ್ಕೆ ಹಾಕಿ ಇಳಿದು ಬಂದೆ. ಸಂಜೆ ಆ ಮುದುಕಿಯ ಸೊಸೆ ನನ್ನ ತಟ್ಟೆಯ ತುಂಬ ರಸ್ಕು ಇಟ್ಟುಕೊಂಡು ಬಂದಳು. ಮುಖ ಕೆಂಪಾಗಿತ್ತು.

"ಅತ್ತೆಯ ಊರಲ್ಲಿ ನಿಮ್ಮ ಬಣ್ಣದವರು ಬಾಗಿಲಿಗೆ ಬಂದರೆ ಕೆಲಸಕ್ಕೇ ಬಂದದ್ದು. ಅವರಿಗೆ ಬೇರೆ ಗೊತ್ತಿಲ್ಲ. ದಯವಿಟ್ಟು ಕ್ಷಮಿಸಿ" ಎಂದು ಇಂಗ್ಲಿಷಿನಲ್ಲಿ ಬೇಡಿಕೊಂಡಳು.

"ಕ್ಷಮೆ ನೀವು ಕೇಳಿ ಪ್ರಯೋಜನವಿಲ್ಲ. ಅವರಿಗೆ ಇಂಗ್ಲಿಷ್ ಬರುವುದಿಲ್ಲವಲ್ಲ? ನಿಮ್ಮ ಆಫ್ರಿಕಾನ್ಸ್ ಭಾಷೆ ನನಗೆ ಕಲಿಸಿ. ನಾನೇ ಮಾತಾಡುತ್ತೇನೆ" ಎಂದೆ.

ನನ್ನ ಗಂಡ ತಲೆ ಚಚ್ಚಿಕೊಂಡರು. "ನಿಂಗೆ ಎಂತ ಮಾರಾಯ್ತಿ! ಅರಬ್ಬಿಯೇ ಖಲಾಸ್, ಯಲ್ಲಾ ಬಿಟ್ರೆ ಬರುದಿಲ್ಲ. ಇನ್ನು ಆಫ್ರಿಕಾನ್ಸ್ ಕಲಿತು ಯಾರಿಗೆ ಹೇಳ್ಲಿಕ್ಕುಂಟು?"

"ಒಬ್ರಿಗೆ ಉಂಟು," ಎಂದೆ.

ನಮ್ಮ ಆಫೀಸು ಮಧ್ಯಾಹ್ನ ಒಂದಕ್ಕೆ ಮುಚ್ಚಿ ನಾಲ್ಕಕ್ಕೆ ತೆರೆಯುತ್ತಿತ್ತು. ಆ ನಡುವಿನ ಹೊತ್ತಿನಲ್ಲಿ ಸೊಸೆ ನನ್ನ ಅಡುಗೆಮನೆಗೆ ಬರುತ್ತಿದ್ದಳು. ನಾನು ಅವಳಿಗೆ ಅಂಜಲ್ ಮೀನಿನ ಸಾರು ಕಲಿಸಿದೆ, ಅವಳು ನನಗೆ ಭಾಷೆ. ಅವರಲ್ಲಿ 'ನಾನು ತೊಳೆಯುತ್ತೇನೆ ನನ್ನನ್ನು', 'ಅವನು ತೊಳೆಯುತ್ತಾನೆ ಅವನನ್ನು' ಎನ್ನಬೇಕು. ನಾಚಿಕೆಯಾದರೂ ಹಾಗೆಯೇ, 'ಎಕ್ ಸ್ಕಾಮ್ ಮೆಯ್', ನಾಚುತ್ತೇನೆ ನನ್ನನ್ನು. ಅವಳು ಆತ್ಮಾರ್ಥಕ ಸರ್ವನಾಮವೆಂದು ದೊಡ್ಡ ಹೆಸರು ಹೇಳಿದಳು. ನನಗೆ ನಗು ಬಂತು. ತೊಳೆದುಕೊ, ಬಾಚಿಕೊ, ಸುಧಾರಿಸಿಕೊ ಎಂದು ಹುಟ್ಟಿದಂದಿನಿಂದ ಕೇಳಿದವಳಿಗೆ ಇದೇನು ಮಹಾ! ಬೇಗ ಹಿಡಿದುಕೊಂಡೆ.

ಒಂದು ದಿನ ಕೇಳಿಯೇಬಿಟ್ಟೆ. "ನಿಮಗೆ ನಾಚಿಕೆಯಾಗಬೇಕು ಎನ್ನಲು ಹೇಗೆ?"

ಅವಳಿಗೆ ಯಾರಿಗೆಂದು ಗೊತ್ತಾಯಿತು. ಆದರೂ ಹೇಳಿದಳು: "ಹಿರಿಯರಿಗೆ ನಾವು 'ನೀನು' ಎನ್ನುವುದಿಲ್ಲ. ಬಯ್ಯುವಾಗಲೂ ಇಲ್ಲ. ಹೆಂಗಸರಾದರೆ ಅದರ ಬದಲು 'ಟಾನಿ', ಎಂದರೆ ಚಿಕ್ಕಮ್ಮ, ಅತ್ತೆ. 'ಟಾನಿ ಟಾನಿಯನ್ನು ನಾಚಬೇಕು' ಎನ್ನಬೇಕು."

ಅವತ್ತು ನನಗೆ ಆ ಜನರ ಮೇಲೆ ಮೊದಲ ಸಲ ಪ್ರೀತಿ ಹುಟ್ಟಿತು. ನಮ್ಮ ಮನೆಯಲ್ಲೂ ಜಗಳದ ನಡುವೆ 'ದೊಡ್ಡಮ್ಮ ಹೀಗೆ ಮಾಡುದಾ' ಎಂದೇ ಕೇಳುತ್ತಿದ್ದದ್ದು. ಆದರೂ ಆ ವಾಕ್ಯವನ್ನು ಬಾಯಿಪಾಠ ಮಾಡಿದೆ. 'ಟಾನಿ ಮುಟ್ ಟಾನಿ ಸ್ಕಾಮ್.' ಟಿಕೆಟ್ ಬರೆಯುವಾಗ, ಅಕ್ಕಿ ತೊಳೆಯುವಾಗ ಅದೇ ಜಪ.

ಆಮೇಲೆ ಸೊಸೆ ಮತ್ತು ಅತ್ತೆ ಇಬ್ಬರನ್ನೂ ಒಂದು ಶುಕ್ರವಾರ ಊಟಕ್ಕೆ ಕರೆದೆ. ಬಾಗಿಲು ತೆರೆದವಳು ನಾನೆಂದು ನೋಡಿ ಮುದುಕಿ ಹೊಸಿಲಲ್ಲೇ ನಿಂತರು. ಕೈಯಲ್ಲಿ ಬ್ಯಾಗು ಬಿಗಿಯಾಗಿ ಹಿಡಿದಿದ್ದರು. ವಾಕ್ಯ ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಊಟಕ್ಕೆ ಕರೆದವರನ್ನು ಹೊಸಿಲಲ್ಲಿ ನಿಲ್ಲಿಸಿ ಬಯ್ದರೆ ನನ್ನನ್ನು ಹೆತ್ತವಳ ಮಾನ ಹೋಗುತ್ತದೆ. ಊರಲ್ಲಿ ನೆಂಟರಿಗೆ ಕಾಲು ತೊಳೆಯಲು ನೀರು ಕೊಡುವಷ್ಟೇ ಮರ್ಯಾದೆಯಿಂದ ಒಳಗೆ ಕರೆದು ಕೂರಿಸಿದೆ.

ಬಡಿಸಿದೆ. ಅವರು ತಲೆ ತಗ್ಗಿಸಿ ಉಂಡರು. ಬಟ್ಟಲು ಖಾಲಿಯಾದಾಗ ಅವರ ಭಾಷೆಯಲ್ಲೇ, ಒಂದೊಂದೇ ಶಬ್ದ ಜೋಡಿಸಿ ಹೇಳಿದೆ: "ಟಾನಿ ಟಾನಿಗೆ ಇನ್ನೊಂದು ತುಂಡು ಮೀನು ಹಾಕಿಕೊಳ್ಳಬೇಕು. ಟಾನಿ ಸಂಕೋಚ ಮಾಡಬಾರದು."

ಅವರ ಚಮಚ ನಿಂತಿತು. ಸೊಸೆಯ ಕಡೆ ನೋಡಿದರು. ಅವಳು ತಲೆ ಎತ್ತದೆ ಅನ್ನ ಕಲಸುತ್ತಿದ್ದಳು. ಮುದುಕಿ ಕೈಯಾರೆ ಒಂದು ತುಂಡು ಹಾಕಿಕೊಂಡರು, ಪೂರ್ತಿ ಉಂಡರು. ಆಮೇಲೆ ಎದ್ದು, ತಮ್ಮ ಬಟ್ಟಲನ್ನೂ ನನ್ನದನ್ನೂ ಎತ್ತಿಕೊಂಡು ಸಿಂಕಿನ ಕಡೆ ನಡೆದರು. ನಮ್ಮಲ್ಲಿ ನೆಂಟರು ಎಂಜಲು ಬಟ್ಟಲು ಮುಟ್ಟುವುದೇ? ನಾನು ಓಡಿ ತಡೆದೆ. ಅವರು ಕೇಳಲಿಲ್ಲ. ನನ್ನ ಬಟ್ಟಲನ್ನೇ ಮೊದಲು ತೊಳೆದು, ನಲ್ಲಿ ನಿಲ್ಲಿಸಿ, ನನ್ನ ಮುಖ ನೋಡಿ ಹೇಳಿದರು:

"ಎಕ್ ಸ್ಕಾಮ್ ಮೆಯ್."

ಯಾರೂ ಅರ್ಥ ಹೇಳಬೇಕಾಗಲಿಲ್ಲ. ಕೈ ಒರೆಸಿಕೊಳ್ಳಲು ಟವೆಲ್ ಕೊಟ್ಟೆ. ಅಂಥ ಹೆಮ್ಮೆ ನನಗೆ ಮೊದಲ ಸಂಬಳ ಬಂದ ದಿನವೂ ಆಗಿರಲಿಲ್ಲ.

ಅವರು ಹೋದ ಮೇಲೆ ಗಂಡ ಮೆಲ್ಲ ಕೇಳಿದರು, "ಹೇಳಿದ್ಯಾ, ಅಷ್ಟು ದಿನದಿಂದ ಕಲಿತದ್ದನ್ನು?"

"ಇಲ್ಲ," ಎಂದೆ. "ಅವರೇ ಹೇಳಿಕೊಂಡ್ರು."