ಗೆದ್ದ ಮೇಲೆ ಅಬ್ಜೆಕ್ಷನ್

ಚನ್ನರಾಯಪಟ್ಟಣದ ಒಂದು ಫುಟ್‌ಬಾಲ್ ತಂಡದ ಕಾರ್ಯದರ್ಶಿಯನ್ನು ಕಂಡರೆ ನನಗೆ ಈಗಲೂ ಮೈಯೆಲ್ಲ ಉರಿಯುತ್ತದೆ. ಹಾಸನದ ಬಸ್ ನಿಲ್ದಾಣದಲ್ಲಿ ಆಗಾಗ ಎದುರಾಗುತ್ತಾನೆ. ‘ಏನ್ ಸಾ, ಚೆಂದಾಗಿದ್ದೀರಾ?’ ಎಂದು ಹಲ್ಲು ಕಿರಿಯುತ್ತಾನೆ. ನಾನು ಮುಖ ತಿರುಗಿಸಿ ಯಾವುದಾದರೂ ಬಸ್ಸಿನ ಬೋರ್ಡು ಓದುತ್ತ ನಿಲ್ಲುತ್ತೇನೆ. ಹಳೆಯದನ್ನು ಮರೆತುಬಿಡಿ ಎಂದು ಹೆಂಡತಿ ಹೇಳುತ್ತಾಳೆ. ಅವನು ಅವಳ ತವರಿನ ಬೀದಿಯವನು, ಹಾಗಾಗಿ ಹೇಳಿಯೇ ಹೇಳುತ್ತಾಳೆ.

ನಾನು ಸ್ಟಾಪರ್ ಬ್ಯಾಕ್. ಗೋಲಿನ ಮುಂದೆ ನಿಂತು, ನುಗ್ಗಿ ಬಂದವರಿಗೆಲ್ಲ ಅಡ್ಡ ಬೀಳುವುದು ನನ್ನ ಕೆಲಸ. ಗೋಲು ಹೊಡೆದವನನ್ನು ಜನ ಹೆಗಲ ಮೇಲೆ ಹೊರುತ್ತಾರೆ. ಒಂಬತ್ತು ತಡೆದು ಒಂದನ್ನು ಬಿಟ್ಟವನಿಗೆ ಆ ಒಂದಕ್ಕೇ ಉಗಿಯುತ್ತಾರೆ. ಹುಟ್ಟಿದ್ದು ಹೊಳೆನರಸೀಪುರ. ಟೂರ್ನಮೆಂಟ್ ಬಂದಾಗ ಅಲ್ಲಿಯ ಮೈದಾನಕ್ಕೆ ಸುಣ್ಣದ ಗೆರೆ ಎಳೆಯುತ್ತಿದ್ದವನು ನಮ್ಮಪ್ಪ. ಆದರೂ ನಮ್ಮೂರ ತಂಡದವರು ನನ್ನನ್ನು ಸೇರಿಸಿಕೊಳ್ಳಲಿಲ್ಲ. ‘ಗಿಡ್ಡ ಆದೆ ಕಣ್ಲಾ, ಚೆಂಡ್ಗೆ ತಲೆ ಕೊಡ್ಬೇಕಲ್ಲ, ಎಡ್ಡಿಂಗ್‌ಗೆ ಎಂಗ್ಲಾ ಆರ್‍ತೀಯ?’ ಅಂದರು. ಅರಕಲಗೂಡಿನವರು ಕರೆದರು, ಹೋದೆ. ಆಮೇಲೆ ಹಾಸನದಲ್ಲಿ ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿಯಲ್ಲಿ ಕೆಲಸ ಸಿಕ್ಕಿತು, ಅಲ್ಲಿಯ ತಂಡಕ್ಕೆ ಆಡಿದೆ. ಮದುವೆಯಾದ ಮೇಲೆ ಆರು ವರ್ಷ ಚನ್ನರಾಯಪಟ್ಟಣಕ್ಕೆ ಆಡಿದೆ. ಯಾವ ಊರಿನ ಬಸ್ಸು ಬಂದರೂ ಹತ್ತುವವನು ಎಂದು ಜನ ನನ್ನನ್ನು ‘ಬಸ್‌ಸ್ಟ್ಯಾಂಡ್ ಬ್ಯಾಕ್’ ಎಂದು ಕರೆಯತೊಡಗಿದರು.

ಅಂಗಡಿಯ ಜೊತೆಗಾರನೊಬ್ಬ ಒಂದು ದಿನ ಮೊಬೈಲಿನಲ್ಲಿ ಝೆಕ್ ದೇಶದ ಒಬ್ಬ ಆಟಗಾರನನ್ನು ತೋರಿಸಿದ. ಅವನೂ ನನ್ನ ಹಾಗೆ ಡಿಫೆಂಡರ್. ತನ್ನ ದೇಶದಲ್ಲಿ ಒಂದೆರಡು ಕ್ಲಬ್ಬು, ಆಮೇಲೆ ಪಕ್ಕದ ದೇಶ, ಆಮೇಲೆ ಹಿಮ ಬೀಳುವ ಇನ್ನೊಂದು ದೇಶ, ಕೊನೆಗೆ ಮರಳುಗಾಡಿನ ಯಾವುದೋ ಶಹರ. ಹೋದಲ್ಲೆಲ್ಲ ಹೊಸ ಜರ್ಸಿ ಎತ್ತಿ ಹಿಡಿದು ನಗುತ್ತ ನಿಂತ ಫೋಟೋ. ಕೆಳಗೆ ‘ಅಪಾರ ಅನುಭವಿ’ ಎಂದು ಬರೆದಿತ್ತು. ನನಗೆ ತಡೆಯಲಾರದ ಹೊಟ್ಟೆಕಿಚ್ಚು ಬಂತು. ಅವನು ದೇಶ ದೇಶ ತಿರುಗಿದರೆ ಅನುಭವ, ನಾನು ಮೂರು ತಾಲ್ಲೂಕು ತಿರುಗಿದರೆ ನೀತಿಗೆಟ್ಟವನೇ? ಅವನಿಗೂ ತನ್ನೂರಿನ ಜರ್ಸಿ ಹಾಕಬೇಕು ಅಂತ ಎಂದಾದರೂ ಅನ್ನಿಸಿತ್ತೋ ಇಲ್ಲವೋ. ನನಗಂತೂ ನಲವತ್ತು ದಾಟಿದ ಮೇಲೂ ಅದೊಂದು ಆಸೆ ಬಿಟ್ಟಿರಲಿಲ್ಲ.

ನಮ್ಮ ಕಡೆ ಟೂರ್ನಮೆಂಟುಗಳಲ್ಲಿ ಆಯಾ ತಾಲ್ಲೂಕಿನವರೇ ಆಡಬೇಕೆಂಬ ನಿಯಮವಿದೆ. ಅದನ್ನು ಪಾಲಿಸುವವರು ಯಾರೂ ಇಲ್ಲ. ಹೊರಗಿನವನು ಆಡುತ್ತಿದ್ದಾನೆಂದು ಎದುರು ತಂಡಕ್ಕೆ ಟಾಸಿನ ಹೊತ್ತಿಗೇ ಗೊತ್ತಿರುತ್ತದೆ. ಆದರೆ ಬಾಯಿ ಬಿಡುವುದಿಲ್ಲ. ತಾವು ಗೆದ್ದರೆ ಕೈಕುಲುಕಿ ಹೋಗುತ್ತಾರೆ. ಸೋತರೆ ಮಾತ್ರ ಜೇಬಿನಲ್ಲಿ ಮೊದಲೇ ಬರೆದಿಟ್ಟುಕೊಂಡ ಅಬ್ಜೆಕ್ಷನ್ ಕಾಗದ ಹೊರಗೆ ಬರುತ್ತದೆ. ಆಗ ಆಟಗಾರ ತಾನು ಆಡಿದ ತಾಲ್ಲೂಕಿನ ವಿಳಾಸವಿರುವ ಕಾರ್ಡು ತೋರಿಸಬೇಕು, ಇಲ್ಲದಿದ್ದರೆ ಗೆದ್ದ ಕಪ್ಪು ಸೋತವರ ಪಾಲು. ಇಂಥ ಹೇಡಿ ಪದ್ಧತಿಯನ್ನು ಬೇರೆಲ್ಲೂ ನೋಡಿಲ್ಲ.

ಹೋದ ವರ್ಷ ಹೊಳೆನರಸೀಪುರದ ಕ್ಯಾಪ್ಟನ್ ತಾನಾಗಿ ಅಂಗಡಿಗೆ ಬಂದ. ‘ನಮ್ಮೂರ್‍ಗೆ ಆಡಣ್ಣೋ, ಸ್ಟಾಪರ್ ಕಾಲು ಮುರ್ಕಂಡವ್ನೆ’ ಅಂದ. ಹೋಗುವಾಗ, ‘ಕಾರ್ಡ್ನಾಗೆ ಅಡ್ರೆಸ್ ಚೇಂಜ್ ಮಾಡಿಸ್ಬುಡು’ ಎಂದೂ ಹೇಳಿದ. ನನ್ನ ಆಧಾರ್‌ನಲ್ಲಿ ಇನ್ನೂ ಚನ್ನರಾಯಪಟ್ಟಣದ ಮಾವನ ಮನೆಯ ವಿಳಾಸವಿತ್ತು. ನಾನು ಬದಲಾಯಿಸಲಿಲ್ಲ. ಹುಟ್ಟಿದೂರಿನಲ್ಲಿ ಆಡಲು ನನಗೆ ಯಾವ ಕಾರ್ಡು, ಎಂಬ ಕೊಬ್ಬು. ಅಪ್ಪನಿಗೆ ಫೋನ್ ಮಾಡಿ ಹೇಳಿದೆ. ನನ್ನ ಆಟ ನೋಡಲು ಯಾವ ಊರಿಗೂ ಬಾರದಿದ್ದವನು ಫೈನಲ್ ದಿನ ಬಿಳಿ ಶರ್ಟು ಹಾಕಿಕೊಂಡು ಬಂದು ಮುಂದಿನ ಸಾಲಿನಲ್ಲೇ ಕೂತ.

ಎದುರು ತಂಡ ಚನ್ನರಾಯಪಟ್ಟಣ. ನಾವು ಒಂದು ಗೋಲಿನಿಂದ ಗೆದ್ದೆವು. ಕೊನೆಯಲ್ಲಿ ಅವರ ಫಾರ್ವರ್ಡ್ ಒಂಟಿಯಾಗಿ ನುಗ್ಗಿದಾಗ ಅಡ್ಡ ಬಿದ್ದು ಚೆಂಡು ಹೊರಗೆ ಹಾಕಿದವನು ನಾನೇ. ಸೀಟಿ ಊದಿದ ಮೇಲೆ ಅಪ್ಪ ಎದ್ದು ನಿಂತು ಪಕ್ಕದವರಿಗೆಲ್ಲ ಬೆರಳು ಮಾಡಿ ನನ್ನನ್ನು ತೋರಿಸುತ್ತಿದ್ದ. ಅದನ್ನು ನೋಡಿ ನನಗೆ ಅಳು ಬಂತು.

ಐದು ನಿಮಿಷವೂ ಆಗಿರಲಿಲ್ಲ, ಆ ಕಾರ್ಯದರ್ಶಿ ಫೈಲು ಹಿಡಿದು ಸಂಘಟಕರ ಮೇಜಿನ ಮುಂದೆ ನಿಂತಿದ್ದ. ಕಾರ್ಡು ಕೇಳಿದರು, ತೋರಿಸಿದೆ. ‘ವಿಳಾಸ ಬೇರೆ ಇದ್ರೂ ಹುಟ್ಟಿದೂರು ಇದೇ ಅಂತ ಎಲ್ರಿಗೂ ಗೊತ್ತು. ಬಿಡ್ರೀ’ ಎಂದು ರೆಫ್ರಿ ಹೇಳಿದ. ಕಾರ್ಯದರ್ಶಿ ನಕ್ಕ. ‘ನಮ್ಗೂ ಗೊತ್ತು ಸಾ. ಆದ್ರೆ ಅವ್ರೇ ಏನ್ ಬರ್‍ದವ್ರೆ ಅಂತ ಒಸಿ ಓದಿ’ ಎಂದು ಫೈಲಿನಿಂದ ಒಂದು ಹಾಳೆ ತೆಗೆದ.

ನನ್ನ ಅಕ್ಷರವೇ. ಏಳು ವರ್ಷದ ಹಿಂದೆ ನಾನು ಚನ್ನರಾಯಪಟ್ಟಣಕ್ಕೆ ಆಡಿ ಹೊಳೆನರಸೀಪುರವನ್ನು ಸೋಲಿಸಿದಾಗ ನಮ್ಮೂರಿನವರು, ಇವನು ಹೊಳೆನರಸೀಪುರದವನು ಎಂದು ನನ್ನ ಮೇಲೆ ಅಬ್ಜೆಕ್ಷನ್ ಕೊಟ್ಟಿದ್ದರು. ಆಗ ಇದೇ ಕಾರ್ಯದರ್ಶಿ ನನ್ನನ್ನು ಮರದ ಕೆಳಗೆ ಕೂರಿಸಿ, ‘ಸುಮ್ನೆ ಬರ್‍ಕೊಡಿ ಸಾ, ಇದೆಲ್ಲ ಯಾರ್ ನೋಡ್ತಾರೆ?’ ಎಂದು ತಾನೇ ಹೇಳಿ ಬರೆಸಿದ್ದ. ಹೊಳೆ ದಾಟಿದ ಮೇಲೆ ಅಂಬಿಗ ಮಿಂಡ ಅನ್ನುವುದು ಇಂಥವನನ್ನು ನೋಡಿಯೇ ಇರಬೇಕು. ಅವತ್ತು ಅವನಿಗೆ ಕಪ್ಪು ಗೆಲ್ಲಿಸಿಕೊಟ್ಟ ಕಾಗದವನ್ನೇ ಇವತ್ತು ನನ್ನ ಮುಖಕ್ಕೆ ಹಿಡಿದಿದ್ದ.

ಸಂಘಟಕರಲ್ಲಿ ಒಬ್ಬ ಅದನ್ನು ಮೈಕಿನಲ್ಲಿ ಓದಿದ: ‘ನಾನು ಚನ್ನರಾಯಪಟ್ಟಣದ ಖಾಯಂ ನಿವಾಸಿ. ಹೊಳೆನರಸೀಪುರಕ್ಕೂ ನನಗೂ ಯಾವುದೇ ಸಂಬಂಧ ಇರುವುದಿಲ್ಲ. ಇದು ಸತ್ಯ.’

ಜನ ಹೋ ಎಂದರು. ‘ಮಾಡಿದ್ದುಣ್ಣೋ ಮಾರಾಯ’ ಎಂದು ಹಿಂದಿನಿಂದ ಯಾರೋ ಕೂಗಿದರು. ಕಪ್ಪು ಆ ಕಡೆ ಹೋಯಿತು. ನಾನು ಕಾರ್ಯದರ್ಶಿಯ ಕೊರಳಪಟ್ಟಿಗೆ ಕೈ ಹಾಕಿದೆ, ನಾಲ್ಕು ಜನ ಬಿಡಿಸಿದರು. ನಮ್ಮ ಕ್ಯಾಪ್ಟನ್ ನನ್ನ ಕಡೆ ನೋಡದೆ, ‘ಜರ್ಸಿ ಬಿಚ್ಕೊಟ್ಟು ಓಗಣ್ಣೋ’ ಅಂದ. ಎಲ್ಲರೆದುರು ಬಿಚ್ಚಿ ಅವನ ಕೈಗೆ ಎಸೆದೆ.

ಅಪ್ಪ ಗೇಟಿನ ಹತ್ತಿರ ನಿಂತಿದ್ದ. ನಾನು ಸಿಟ್ಟಿನಲ್ಲಿ ಆ ಕಾರ್ಯದರ್ಶಿಯ ವಂಶವನ್ನೆಲ್ಲ ಜಾಲಾಡುತ್ತಲೇ ಅಪ್ಪನ ಬಳಿ ಹೋದೆ. ಅಪ್ಪ ಕೇಳುವಷ್ಟು ಕೇಳಿಸಿಕೊಂಡ. ಆಮೇಲೆ ಮೆಲ್ಲಗೆ, ‘ಆ ಕಾಗ್ದ ನೀನೇ ಬರ್‍ದಿದ್ದೇನ್ಲಾ?’ ಎಂದು ಕೇಳಿದ.

‘ಊಂ. ಅವ್ನು ಬರ್‍ಸ್ದ.’

‘ಈ ಊರ್‍ಗೂ ನಂಗೂ ಸಂಬಂದ ಇಲ್ಲ ಅಂತ ಬರ್‍ದ್ಯಲ್ಲಾ ಮಗ, ಆಗ್ಲೂ ನಾನೂ ನಿಮ್ಮವ್ವನೂ ಇದೇ ಊರ್‍ನಾಗೆ ಇದ್ದೊ ಕಣ್ಲಾ’ ಅಂದು, ನನಗಾಗಿ ಕಾಯದೆ ಮನೆಯ ಕಡೆ ನಡೆದುಬಿಟ್ಟ.