ಕುಜನ ಮಗ್ಗುಲಿನ ಬಳಗ

ಜೋಯಿಸರ ಬಲಗೈ ಹೆಬ್ಬೆರಳು ಸುಮ್ಮನಿದ್ದುದನ್ನು ನಾನು ಕಂಡಿಲ್ಲ. ಮಾತಾಡುವಾಗ, ಕಾಫಿ ಆರಲೆಂದು ಕಾಯುವಾಗ, ಜಗಲಿಯ ಮೇಲೆ ತೂಕಡಿಸುವಾಗಲೂ ಅದು ಉಳಿದ ಬೆರಳುಗಳ ಗೆಣ್ಣುಗಳ ಮೇಲೆ ಓಡಾಡುತ್ತ ತಿಥಿ, ನಕ್ಷತ್ರ ಎಣಿಸುತ್ತಿತ್ತು.

ಚಿಂತಾಮಣಿಯಲ್ಲಿ ನಮ್ಮ ಪಕ್ಕದ ಮನೆ ಅವರದು. ಅಕ್ಕನ ಜಾತಕ ಬರೆದವರೂ ಅವರೇ. ಅದರಲ್ಲಿ ಕುಜದೋಷವಿತ್ತು. ಐವತ್ತರ ದಶಕದ ಕೊನೆಯ ಹೊತ್ತಿಗೆ, ಅವಳನ್ನು ನೋಡಿಹೋದ ಗಂಡುಗಳೆಲ್ಲ ಅದನ್ನೇ ಹೇಳಿ ಹಿಂದೆ ಸರಿದಿದ್ದರು. ಆದರೂ ಅಮ್ಮ ಹಬ್ಬದ ಒಬ್ಬಟ್ಟನ್ನು ಮೊದಲು ಜೋಯಿಸರ ಮನೆಗೇ ಕಳಿಸುತ್ತಿದ್ದಳು.

ಅಪ್ಪ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು. ಒಂದು ಸಂಜೆ ಶಾಲೆಯ ದುರ್ಬೀನು ತಂದು, ಜೋಯಿಸರನ್ನೂ ಮಾಳಿಗೆಗೆ ಕರೆದರು.

"ಅಗೋ, ಅದು ವೆಸ್ಟಾ. ಕುಜನಿಗೂ ಗುರುವಿಗೂ ನಡುವೆ ಸುತ್ತೋ ಪುಟ್ಟ ಗ್ರಹ."

ಜೋಯಿಸರು ನಂಬಲಿಲ್ಲ. ಅದೂ ಒಂದು ನಕ್ಷತ್ರವೇ ಅಂದರು. ಆದರೆ ಮರುದಿನ ದೀಪ ಹಚ್ಚುತ್ತಲೇ ತಾವಾಗಿ ಮೆಟ್ಟಿಲು ಹತ್ತಿ ಬಂದರು. ಅದರ ಮರುದಿನವೂ ಬಂದರು. ವಾರ ಕಳೆಯುವಷ್ಟರಲ್ಲಿ ಆ ಚುಕ್ಕಿ ಪಕ್ಕದ ನಕ್ಷತ್ರವನ್ನು ಬಿಟ್ಟು ಸರಿದಿತ್ತು.

"ಎಂತ ಚಿನ್ನದಯ್ಯಾ!" ಎಷ್ಟು ಚಿಕ್ಕದು ಎಂದು ತೆಲುಗಿನಲ್ಲಿ ಬೆರಗಾದರು. "ಇಷ್ಟು ಪುಟ್ಟದ್ದೂ ನಡೀತದಲ್ಲ! ಇಂಥವು ಎಷ್ಟಿದಾವೆ ಮೇಷ್ಟ್ರೇ?"

"ಸಾವಿರಾರು. ಎಲ್ಲ ಸೇರಿ ಸೂರ್ಯನ ಸುತ್ತ ಒಂದು ಪಟ್ಟಿ ಥರ ಇದಾವೆ, ಇದು ಅದರಲ್ಲಿ ಕುಜನ ಕಡೆಗಿರೋದು. ಒಂದೇ ದಾರಿ ಹಿಡಿದು ಸುತ್ತೋ ಬಳಗಗಳೇ ಇದಾವೆ. ಯಾವ್ದೋ ಕಾಲದಲ್ಲಿ ದೊಡ್ಡ ಕಲ್ಲು ಒಡೆದು ಚೂರಾದವು ಅಂತಾರೆ."

ಜೋಯಿಸರು ದುರ್ಬೀನು ಕೆಳಗಿಟ್ಟರು. "ಕುಜನ ಮಗ್ಗುಲಲ್ಲೇ ಇಷ್ಟೊಂದು ಇದ್ದಾವೆ. ಒಂದನ್ನೂ ನಾನು ಲೆಕ್ಕಕ್ಕೆ ತಗೊಳ್ಳಲಿಲ್ಲವಲ್ಲಪ್ಪ," ಅಂದರು.

ಆ ವರ್ಷವೇ ಗೌರಿಬಿದನೂರಿನಿಂದ ಒಂದು ಸಂಬಂಧ ಬಂತು. ಗಂಡಿನ ತಂದೆ ಜೋಯಿಸರ ಜಗಲಿಯಲ್ಲಿ ಕೂತು, "ಹುಡುಗಿಗೆ ದೋಷ ಇದೆಯಂತಲ್ಲ ಸ್ವಾಮಿ, ಏನ್ ಮಾಡಣ?" ಎಂದು ಕೇಳಿದರು. ನಾನೂ ಅಕ್ಕನೂ ನಮ್ಮ ಬಾಗಿಲ ಹಿಂದೆ ಕಿವಿಗೊಟ್ಟು ನಿಂತಿದ್ದೆವು.

"ಆಕಾಶದಲ್ಲಿ ನಾನು ನೋಡಿರೋದು ಸ್ವಲ್ಪ ಕಣಪ್ಪ. ಈ ಹುಡುಗೀನ ಹುಟ್ಟಿದಾಗಿನಿಂದ ನೋಡಿದೀನಿ. ದೋಷ ಅಂತ ಬರೆದವನು ನಾನೇ, ಇಲ್ಲ ಅಂತಿರೋನೂ ನಾನೇ. ಧೈರ್ಯವಾಗಿ ಮಾಡ್ಕೊಳ್ಳಿ."

ಬಂದವರು ಎದ್ದು ಹೋದರು. ಜೋಯಿಸರಿಗೆ ಅರಳುಮರಳು ಎಂದು ಪೇಟೆಯಲ್ಲೆಲ್ಲ ಸುದ್ದಿಯಾಯಿತು. ಜಾತಕ ತರುವವರಿಲ್ಲದೆ ಜಗಲಿ ಬಿಕೋ ಎನ್ನತೊಡಗಿತು. ಅವರು ಮಾತ್ರ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಅಕ್ಕನಿಗೆ, "ಓದಮ್ಮ ನೀನು," ಎಂದಷ್ಟೇ ಹೇಳಿದರು.

ಅಕ್ಕ ಟ್ರೈನಿಂಗ್ ಮುಗಿಸಿ ಶಿಡ್ಲಘಟ್ಟದಲ್ಲಿ ಟೀಚರ್ ಆದಳು. ಅದೇ ಶಾಲೆಯ ಮೇಷ್ಟ್ರೊಬ್ಬರು ಜಾತಕ ಕೇಳದೆ ಅವಳನ್ನು ಮದುವೆಯಾದರು.

ಅರವತ್ತರ ದಶಕ ಮುಗಿಯುವ ಮುಂಚೆ ಜೋಯಿಸರು ತೀರಿಕೊಂಡರು. ಅಕ್ಕ, ಭಾವ ಮಗುವನ್ನೆತ್ತಿಕೊಂಡು ಮೊದಲ ಬಸ್ಸಿಗೇ ಬಂದರು. ಜೋಯಿಸರ ಹೆಂಡತಿ ಅಕ್ಕನ ಕೈ ಹಿಡಿದುಕೊಂಡರು.

"ನಿನ್ನ ವಿಚಾರ ಮನೇಲಿ ಒಂದು ಮಾತೂ ಆಡ್ತಿರಲಿಲ್ಲ ಕಣೇ. ಎಷ್ಟೋ ವರ್ಷದ ಮೇಲೆ ಅವರು ನೆಮ್ಮದಿಯಾಗಿ ಹೊಟ್ಟೆ ತುಂಬ ಊಟ ಮಾಡಿದ್ದು ನಿನ್ನ ಮದುವೆ ದಿನ."